ಎಚ್ಚರವಿದ್ದವನ ಎರಡು ಬೆರಳು

ಆಯುಧಪೂಜೆಯ ಮಧ್ಯಾಹ್ನ ಎರಡು ಬೆರಳುಗಳು ನಮ್ಮ ಆಸ್ಪತ್ರೆಗೆ ಬಂದದ್ದು ಮಿಠಾಯಿ ಡಬ್ಬಿಯಲ್ಲಿ. ಡಬ್ಬಿಯೊಳಗೆ ಬಾಳೆಲೆ, ಬಾಳೆಲೆಯೊಳಗೆ ಒಬ್ಬ ಕೆಲಸಗಾರನ ಬಲಗೈಯ ತೋರುಬೆರಳು ಮತ್ತು ನಡುಬೆರಳು. ಕತ್ತರಿಸಿಹೋದ ಎರಡೂ ತುದಿಗಳಿಗೆ ಗಟ್ಟಿಯಾಗಿ ಅರಿಶಿನ ಮೆತ್ತಿದ್ದರು. ಡಬ್ಬಿ ತಂದವರು ವರ್ಕ್‌ಶಾಪಿನ ಮಾಲೀಕರು, ಇಲ್ಲೇ ಊರಂಚಿನ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಮನೆತನದವರು. ರೇಷ್ಮೆ ಪಂಚೆ, ಹಣೆಗೆ ಉದ್ದನೆಯ ಕುಂಕುಮ. ತಾಂಬೂಲ ಕೊಡುವವರ ಹಾಗೆ ಎರಡೂ ಕೈಯಲ್ಲಿ ಡಬ್ಬಿಯನ್ನು ನನ್ನ ಮುಂದೆ ಚಾಚಿದರು.

"ಅರಿಶ್ನ ಆಕಿದೀವಿ ಮೇಡಂ, ಇನ್‌ಫೆಕ್ಷನ್ ಆಗ್ಬಾರ್ದು ಅಂತ."

"ಯಾಕೆ, ಒಗ್ಗರಣೆನೂ ಕೊಟ್ಟು ತರ್ಬೇಕಿತ್ತು," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಇಂಥವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ! ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸಿನ ಮೇಲೆ ಇಟ್ಟು ತರಬೇಕು. ಬೆರಳಿಗೆ ನೇರವಾಗಿ ಐಸ್ ತಾಗಬಾರದು. ಅಷ್ಟೇ ವಿದ್ಯೆ. ಬಾಯಿಪಾಠ ಮಾಡಲು ಒಂದು ನಿಮಿಷ ಸಾಕು. ಆದರೆ ನಮ್ಮ ಜನಕ್ಕೆ ಗಾಯ ಕಂಡ ಕೂಡಲೇ ಅಡುಗೆಮನೆ ನೆನಪಾಗುತ್ತದೆ. ಅರಿಶಿನ, ಕಾಫಿಪುಡಿ, ಟೂತ್‌ಪೇಸ್ಟ್, ಎಲ್ಲವನ್ನೂ ನಾನು ಗಾಯದೊಳಗಿಂದ ತೆಗೆದಿದ್ದೇನೆ.

ನಡೆದದ್ದೇನೆಂದು ಮಾಲೀಕರ ಬಾಯಿಂದಲೇ ಕೇಳಿದೆ. ಯಶವಂತಪುರದ ಒಂದು ಶೆಡ್ಡು, ತಗಡು ಕತ್ತರಿಸಿ ಸ್ವಿಚ್ ಪೆಟ್ಟಿಗೆ ಮಾಡುವ ಜಾಗ. ಹಬ್ಬಕ್ಕೆಂದು ತಗಡು ಕತ್ತರಿಸುವ ಯಂತ್ರವನ್ನು ತೊಳೆದಿದ್ದಾರೆ. ಬ್ಲೇಡಿನ ಮುಂದೆ ಕೈ ಹೋಗದಂತೆ ತಡೆಯುವ ಜಾಲರಿಯನ್ನು ಬಿಚ್ಚಿ, ಹಸಿರು ಬಣ್ಣ ಬಳಿದು ಬಿಸಿಲಿಗೆ ಒಣಗಲು ಇಟ್ಟಿದ್ದಾರೆ. ಪೂಜೆ ಮುಗಿದಾಗ ರಾಹುಕಾಲ. ಸರಿ, ಅದು ಕಳೆಯಲೆಂದು ಎಲ್ಲರೂ ಹೋಳಿಗೆ ಊಟಕ್ಕೆ ಕೂತಿದ್ದಾರೆ. ರಾಹುಕಾಲ ಕಳೆಯಿತು, ಜಾಲರಿಯ ಬಣ್ಣ ಒಣಗಿರಲಿಲ್ಲ. ರಾಹುವಿಗೆ ಕಾಯ್ದವರು ಬಣ್ಣಕ್ಕೆ ಕಾಯಲಿಲ್ಲ. ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರಲ್ಲ, ಹಾಗೆ ಆ ಶೆಡ್ಡಿನಲ್ಲಿ ಪೂಜೆಯಾದ ಯಂತ್ರ ಮೊದಲು ಕತ್ತರಿಸಬೇಕಾದದ್ದು ನಿಂಬೆಹಣ್ಣನ್ನು. ಪೆಡಲ್ ತುಳಿಯುವ ಮರ್ಯಾದೆ ಮಾಲೀಕರದು, ಅಂದರೆ ವರ್ಷವಿಡೀ ಆ ಯಂತ್ರದ ಹತ್ತಿರ ಸುಳಿಯದ ಮನುಷ್ಯನದು. ಬ್ಲೇಡಿನ ಕೆಳಗಿಟ್ಟ ನಿಂಬೆಹಣ್ಣು ಉರುಳಿತು. ಯಂತ್ರ ನಡೆಸುವ ಆಪರೇಟರ್ ಅದನ್ನು ಹಿಡಿದು ನಿಲ್ಲಿಸಲು ಎರಡು ಬೆರಳು ಚಾಚಿದ. ಯಾರೋ ಗಂಟೆ ಬಾರಿಸಿದರು. ಮಾಲೀಕರು ತುಳಿದೇಬಿಟ್ಟರು.

"ಕೈ ಒಳಗಿರೋದು ಕಾಣ್ಲಿಲ್ವಾ?"

"ಕಣ್ ಮುಚ್ಕೊಂಡಿದ್ದೆ ಮೇಡಂ. ದೇವ್ರುನ್ನ ನೆನ್ಸ್ಕೊತಿದ್ದೆ. ಇಂಗಾಗೋಯ್ತು." ಸ್ವಲ್ಪ ತಡೆದು ಕೇಳಿದರು, "ಪೊಲೀಸ್ ಕೇಸ್ ಏನೂ ಆಗಲ್ವಲ್ಲ?"

ಥೂ! ಬೆರಳು ಉಳಿಯುತ್ತದೆಯೇ ಎಂದು ಆ ಮನುಷ್ಯ ಕೇಳಿದ್ದು ಅದಾದ ಮೇಲೆ.

ಆಪರೇಟರ್ ತುರ್ತು ವಿಭಾಗದ ಮಂಚದ ಮೇಲೆ ಕೂತಿದ್ದ. ಐವತ್ತರ ಆಸುಪಾಸು, ಗದಗ ಕಡೆಯವನು, ಮುಖದಲ್ಲಿ ರಕ್ತವಿಲ್ಲ. ಹೊಸ ಅಂಗಿ ಮೊಣಕೈವರೆಗೂ ತೊಯ್ದಿತ್ತು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದೆ. ಎರಡೂ ಬೆರಳು ಬುಡದ ಗೆಣ್ಣಿನಿಂದ ಸ್ವಲ್ಪ ಮೇಲೆ ಹೋಗಿದ್ದವು. ಬ್ಲೇಡ್ ಹರಿತವಾಗಿದ್ದರಿಂದ ಜಜ್ಜಿರಲಿಲ್ಲ, ನೀಟಾಗಿ ಕತ್ತರಿಸಿತ್ತು. ಆ ದಿನ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

"ನೋವು ತುಂಬಾ ಇದೆಯಾ?"

"ನೋವಿನ ಮಾತ್ ಬಿಡ್ರಿ ಮೇಡಂ. ಬೆರಳ ಕೂಡ್ತಾವೋ ಇಲ್ಲೋ?"

"ನೋಡ್ತೀನಿ."

"ನೋಡೂದಲ್ಲರಿ. ಕೂಡಸ್ರಿ."

ಆ ಧಾಟಿ ನನಗೆ ಹಿಡಿಸಲಿಲ್ಲ, ಆದರೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಲಗೈಯ ಈ ಎರಡು ಬೆರಳು ಹೋದರೆ ಹೆಬ್ಬೆರಳಿಗೆ ಸರಿಯಾದ ಜೊತೆಯೇ ಇರುವುದಿಲ್ಲ. ಸ್ಪ್ಯಾನರ್ ಹಿಡಿಯುವುದು, ಅಂಗಿಯ ಗುಂಡಿ ಹಾಕುವುದು, ತುತ್ತು ಎತ್ತುವುದು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಐವತ್ತರಲ್ಲಿ ಯಾರೂ ಚೆನ್ನಾಗಿ ಕಲಿಯುವುದಿಲ್ಲ.

ತೊಡಕು ಬೇರೆ ಕಡೆ ಇತ್ತು. ಆತನಿಗೆ ಆ ವರ್ಷವೇ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ನಡೆಯುತ್ತಿತ್ತು. ಹೊಟ್ಟೆಯಲ್ಲಿ ಹಬ್ಬದ ಊಟ ಹಾಗೆಯೇ ಇತ್ತು. ನಮ್ಮ ಅರಿವಳಿಕೆ ತಜ್ಞರು ಹಬ್ಬದ ಜುಬ್ಬಾದಲ್ಲೇ ಬಂದರು, ನಿಂತುಕೊಂಡೇ ಕೇಸ್ ಕೇಳಿದರು, ಕೂರಲೇ ಇಲ್ಲ.

"ಫುಲ್ ಸ್ಟಮಕ್. ಹಾರ್ಟ್ ವೀಕ್. ಮೇಲೆ ಎರಡೆರಡು ಬ್ಲಡ್ ಥಿನ್ನರ್. ನಾನಂತೂ ಪ್ರಜ್ಞೆ ತಪ್ಪಿಸಿ ಮಲಗ್ಸಲ್ಲ ಮೇಡಂ. ಕುತ್ತಿಗೆ ಹತ್ರ ಸೂಜಿ ಹಾಕಿ ಇಡೀ ಕೈ ಮರಗಟ್ಟಿಸೋಣ ಅಂದ್ರೆ ಬ್ಲೀಡಿಂಗ್ ರಿಸ್ಕ್."

"ಮತ್ತೇನ್ ಮಾಡೋದು?"

"ಉಳಿದಿರೋ ಬುಡ ಹೊಲಿದು ಮುಚ್ಚಿ ಕಳ್ಸಿ. ಅರ್ಧ ಗಂಟೆ ಕೆಲ್ಸ. ಎರಡು ಬೆರಳು ತಾನೇ."

ಎರಡು ಬೆರಳು ತಾನೇ! ನನ್ನ ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ ಅಪಾಯಗಳೆಲ್ಲ ನಿಜ, ಒಂದನ್ನೂ ಅಲ್ಲಗಳೆಯುವ ಹಾಗಿರಲಿಲ್ಲ. ನನಗೆ ಹೇಸಿಗೆಯಾದದ್ದು ಆ ನಿಜಗಳೆಲ್ಲ ಅವರಿಗೆ ಎಷ್ಟು ಅನುಕೂಲವಾಗಿ ಒದಗಿ ಬಂದಿದ್ದವು ಎಂಬುದಕ್ಕೆ. ಅರ್ಧ ಗಂಟೆಯಲ್ಲಿ ಮುಗಿದರೆ ಸಂಜೆಯ ಹೊತ್ತಿಗೆ ಮನೆ. ರೋಗಿಯನ್ನು ಉಳಿಸಿದೆವು ಎಂದು ಹೇಳಿಕೊಳ್ಳಬಹುದು, ಯಾರೂ ಪ್ರಶ್ನೆ ಕೇಳುವುದಿಲ್ಲ. ಈ ವೃತ್ತಿಯಲ್ಲಿ ಹೇಡಿತನಕ್ಕೆ 'ಮುನ್ನೆಚ್ಚರಿಕೆ' ಎಂಬ ಒಳ್ಳೆಯ ಹೆಸರಿದೆ.

"ಮಲಗಿಸೋದೇ ಬೇಡ. ಮಣಿಕಟ್ಟಿಗೆ ನಾನೇ ಲೋಕಲ್ ಕೊಡ್ತೀನಿ. ನೀವು ಹಾರ್ಟ್ ನೋಡ್ಕೊಂಡು ಪಕ್ಕದಲ್ಲಿ ಕೂತಿರಿ ಸಾಕು."

"ಅಷ್ಟ್ ಹೊತ್ತು ಎಚ್ಚರ ಇಟ್ಕೊಂಡಾ? ಯಾರ್ ಮಲ್ಕೋತಾರೆ ಮೇಡಂ ಹಂಗೆ?"

ಆಪರೇಟರನ್ನೇ ಕೇಳಿದೆ. ಗಂಟೆಗಟ್ಟಲೆ ಅಲ್ಲಾಡದೆ ಮಲಗಬೇಕು, ಕೈ ಮರಗಟ್ಟಿರುತ್ತದೆ, ಆದರೆ ಎಲ್ಲವೂ ಕೇಳಿಸುತ್ತಿರುತ್ತದೆ, ಆಗುತ್ತದೆಯೇ ಎಂದೆ. "ಬೆರಳ ಬರೂದಾದ್ರ ನಾಳಿ ಮಟಾ ಮಕ್ಕೋತೀನ್ರಿ," ಅಂದ.

ಆಪರೇಷನ್ ಥಿಯೇಟರಿಗೆ ಹೋದರೆ ಅಲ್ಲಿ ಇನ್ನೊಂದು ದರ್ಶನ. ನಮ್ಮ ಸಿಬ್ಬಂದಿಯೂ ಬೆಳಿಗ್ಗೆ ಆಯುಧಪೂಜೆ ಮಾಡಿದ್ದರು. ಮೇಲಿನ ದೀಪಕ್ಕೆ ಸೇವಂತಿಗೆ ಹಾರ, ಮಂಚದ ನಾಲ್ಕು ಕಾಲಿಗೂ ಅರಿಶಿನ ಕುಂಕುಮ. ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳ ಹೊಲಿಯಲು ಬಳಸುವ ಮೈಕ್ರೋಸ್ಕೋಪಿಗೂ ವಿಭೂತಿ ಬಳಿದು ನಡುವೆ ಬೊಟ್ಟು ಇಟ್ಟಿದ್ದರು.

"ಸಿಸ್ಟರ್, ಇದೇನು?"

ಥಿಯೇಟರ್ ಸಿಸ್ಟರ್ ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು, ನನ್ನ ಕೂಗಾಟಕ್ಕೆ ಒಗ್ಗಿಹೋದವರು. "ಗಾಜಿಗೆ ಹಚ್ಚಿಲ್ಲ ಮೇಡಂ, ಪಕ್ಕಕ್ಕೆ ಹಚ್ಚಿದ್ದು."

ಕಣ್ಣಿಟ್ಟು ನೋಡಿದೆ. ಎಡಗಣ್ಣಿನ ಕಡೆ ಎಲ್ಲವೂ ಕೆಂಪಾಗಿ ಕಂಡಿತು. ಹಾರ ಕೀಳಿಸಿ, ಎಲ್ಲ ಒರೆಸಿ, ಇಡೀ ಕೋಣೆಯನ್ನು ಮತ್ತೆ ಶುದ್ಧ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಹೋಗಿತ್ತು. ಅಷ್ಟು ಹೊತ್ತೂ ನಾನು ಪಕ್ಕದ ಕೋಣೆಯಿಂದಲೇ ಕೂಗುತ್ತಾ, ಬೆರಳುಗಳ ಕತ್ತರಿಸಿದ ತುದಿಯಿಂದ ಅರಿಶಿನ ತೊಳೆಯುತ್ತಿದ್ದೆ. ಅದು ಹೋಗುವ ಜಾತಿಯದಲ್ಲ. ಪುಡಿ ಹೋದರೂ ಬಣ್ಣ ಹಿಡಿದುಬಿಟ್ಟಿತ್ತು. ಕೊಬ್ಬು, ನರ, ರಕ್ತನಾಳದ ಗೋಡೆ, ಎಲ್ಲ ಒಂದೇ ಹಳದಿ. ಯಾವುದು ಯಾವುದೆಂದು ಗುರುತು ಹಿಡಿಯಲು ಬಣ್ಣವನ್ನೇ ನಂಬುವವಳಿಗೆ ಯಾರೋ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಅವಸರದಲ್ಲಿ ನಡುಬೆರಳಿಗೆ ಹೆಚ್ಚು ಒತ್ತಿ ಮೆತ್ತಿದ್ದರು. ಅದರ ರಕ್ತನಾಳದ ಬಾಯೊಳಗೇ ಪುಡಿ ಕೂತಿತ್ತು.

ಮಣಿಕಟ್ಟಿನಲ್ಲಿ ಮೂರು ನರಗಳ ಸುತ್ತ ಮರಗಟ್ಟಿಸುವ ಮದ್ದು ಕೊಟ್ಟೆ. ಈ ಮದ್ದಿಗೆ ಒಂದು ಮಿತಿ ಇದೆ. ಹೆಚ್ಚಾದರೆ ಹೃದಯಕ್ಕೇ ವಿಷ, ಅದೂ ಇಂಥ ಹೃದಯಕ್ಕೆ. ಹಾಗಾಗಿ ಎಷ್ಟು ಕೊಟ್ಟೆ, ಇನ್ನೆಷ್ಟು ಉಳಿದಿದೆ ಎಂದು ಅರಿವಳಿಕೆ ತಜ್ಞರು ಬರೆದಿಡುತ್ತಾ ಹೋದರು. ಅವರು ಸ್ಟೂಲಿನ ಮೇಲೆ, ನನ್ನ ಕಡೆ ಅರ್ಧ ಬೆನ್ನು ಹಾಕಿ ಕೂತಿದ್ದರು.

ಮೊದಲು ತೋರುಬೆರಳು. ಎಲುಬನ್ನು ತಂತಿಯಿಂದ ಕೂಡಿಸಿದೆ. ಆಮೇಲೆ ಬೆರಳನ್ನು ಮಡಚುವ ಮತ್ತು ಬಿಡಿಸುವ ಹುರಿಗಳನ್ನು ಹೊಲಿದೆ. ಇಲ್ಲಿ ಎಚ್ಚರವಿರುವ ರೋಗಿಯಿಂದ ಒಂದು ಲಾಭವಿದೆ. ಬೆರಳು ಮಡಚುವ ಸ್ನಾಯುಗಳು ಇರುವುದು ಮಣಿಕಟ್ಟಿನಿಂದ ಮೇಲೆ, ಮುಂಗೈಯಲ್ಲಿ. ಅವು ಮರಗಟ್ಟಿರುವುದಿಲ್ಲ.

"ಈಗ ತೋರುಬೆರಳು ಸ್ವಲ್ಪ ಮಡಚಿ. ಮೆಲ್ಲಗೆ."

ಮಧ್ಯಾಹ್ನ ಬಾಳೆಲೆಯಲ್ಲಿದ್ದ, ಇನ್ನೂ ಬೆಳ್ಳಗೆ ಸತ್ತ ಹಾಗೇ ಇದ್ದ ಬೆರಳು ಬಾಗಿತು. ಸಿಸ್ಟರ್ "ಅಯ್ಯೋ ಶಿವನೇ" ಅಂದರು. ಹೊಲಿಗೆ ಬಿಗಿಯಾಯಿತೋ ಸಡಿಲವಾಯಿತೋ ಎಂದು ಪ್ರಜ್ಞೆಯಿಲ್ಲದೆ ಮಲಗಿರುವವನ ಕೈ ನನಗೆ ಎಂದೂ ಹೇಳಿಲ್ಲ, ಈತನ ಕೈ ಹೇಳಿತು. ಅರಿವಳಿಕೆ ತಜ್ಞರು ಕುತ್ತಿಗೆ ತಿರುಗಿಸಿ ನೋಡಿ, ಮತ್ತೆ ಮಾನಿಟರ್ ಕಡೆ ತಿರುಗಿಕೊಂಡರು.

ಲಾಭದ ಹಿಂದೆಯೇ ತೊಂದರೆ ಬಂತು. ರಕ್ತನಾಳ ಹೊಲಿಯಲು ಮೈಕ್ರೋಸ್ಕೋಪಿನೊಳಗೆ ಕಣ್ಣಿಟ್ಟೆ. ಆತನಿಗೆ ಬೆರಳು ಬಾಗಿದ ಖುಷಿಗೆ ಮಾತು ಶುರುವಾಯಿತು. ಊರು, ಊರಿನ ಕೆರೆ, ಯಂತ್ರದ ಕಂಪನಿ, ಮಾಲೀಕರ ಕೈಗುಣ. ಆತನಿಗೆ ಕೈ ಬಿಟ್ಟು ಮಾತಾಡಲು ಬರುವುದಿಲ್ಲ. "ಇಷ್ಟ ದೊಡ್ಡ ಬ್ಲೇಡ್ ನೋಡ್ರಿ" ಎಂದರೆ ಬಲಗೈಯೂ ದೊಡ್ಡದಾಗಲು ನೋಡುತ್ತಿತ್ತು. ಹೊರಗಿನಿಂದ ನೋಡಿದರೆ ಕೂದಲೆಳೆಯಷ್ಟು ಅಲುಗಾಟ. ಮೈಕ್ರೋಸ್ಕೋಪಿನೊಳಗೆ ಇಡೀ ಬೆರಳು ಕಣ್ಣಿಂದ ಮಾಯವಾಗುತ್ತಿತ್ತು. ಹಾಕಿದ ಹೊಲಿಗೆ ಎರಡು ಸಲ ಹರಿಯಿತು.

"ಬಾಯಿ ಮುಚ್ಚಿ!" ಎಂದು ಕಿರುಚಿದೆ. "ಇನ್ನೊಂದು ಮಾತಾಡಿದ್ರೆ ಬೆರಳು ಡಬ್ಬಿಗೇ ವಾಪಸ್."

ಆಮೇಲೆ ಆತ ಉಸಿರಾಡುವುದೂ ಕೇಳಿಸಲಿಲ್ಲ. ಎಷ್ಟು ಮೌನವೆಂದರೆ ನನಗೇ ದಿಗಿಲಾಗಿ ಮಧ್ಯೆ ಮಧ್ಯೆ ಮಾನಿಟರ್ ನೋಡಿದೆ. ಒಂದು ಹಂತದಲ್ಲಿ ಮೆಲ್ಲಗೆ, ತುಟಿಯಷ್ಟೇ ಅಲ್ಲಾಡಿಸಿ ಹೇಳಿದ, "ಎದಿ ಹಿಡದಂಗ ಆಗ್ತೈತ್ರಿ."

ನನ್ನ ಕೈ ನಿಂತಿತು. ಅರಿವಳಿಕೆ ತಜ್ಞರು ಎದ್ದು ನಿಂತರು, ಇಡೀ ದಿನದಲ್ಲಿ ಮೊದಲ ಬಾರಿ ಅವಸರ ತೋರಿಸಿದರು. ಇಸಿಜಿ ನೋಡಿದರು, ಬಿಪಿ ನೋಡಿದರು. "ನಾನ್ ಹೇಳಿದ್ನಲ್ಲ ಮೇಡಂ," ಅಂದರು. ಅಷ್ಟರಲ್ಲಿ ಆತ ಥಿಯೇಟರ್ ನಡುಗುವಂಥ ಒಂದು ತೇಗು ತೇಗಿದ. ಹೋಳಿಗೆಯ ತೇಗು. ಎದೆ ಬಿಟ್ಟಿತು, ಇಸಿಜಿಯೂ ಸರಿಯಾಗಿತ್ತು. ಸಿಸ್ಟರ್ ನಗು ತಡೆಯಲು ಗೋಡೆ ಕಡೆ ತಿರುಗಿದರು. ಅರಿವಳಿಕೆ ತಜ್ಞರು ತಾವು ಹೇಳಿದ್ದೇನೆಂದು ಮುಂದೆ ವಿವರಿಸಲಿಲ್ಲ.

ತೋರುಬೆರಳಿನ ರಕ್ತನಾಳದ ಹೊಲಿಗೆ ಮುಗಿಸಿ, ರಕ್ತ ತಡೆದು ಹಿಡಿದಿದ್ದ ಕ್ಲಿಪ್ ತೆಗೆದೆ. ನಿಧಾನವಾಗಿ ಬುಡದಿಂದ ತುದಿಗೆ ಬಣ್ಣ ಏರಿತು. ಉಗುರು ಒತ್ತಿ ಬಿಟ್ಟರೆ ಮತ್ತೆ ಕೆಂಪಾಯಿತು. ನರಗಳನ್ನೂ, ರಕ್ತ ಹಿಂತಿರುಗುವ ನಾಳಗಳನ್ನೂ ಹೊಲಿದು ನಡುಬೆರಳಿಗೆ ಬಂದೆ.

ನಡುಬೆರಳು ನನ್ನನ್ನು ಸತಾಯಿಸಿತು. ಎಲುಬು, ಹುರಿ, ಎಲ್ಲ ಕೂಡಿತು. ರಕ್ತನಾಳದ ಅರಿಶಿನ ಹಿಡಿದ ಬಾಯಿಯನ್ನು ಕತ್ತರಿಸಿ, ಎಳೆದು ಹೊಲಿದೆ. ರಕ್ತ ಹರಿಯಿತು, ಬೆರಳು ಒಂದಿಷ್ಟು ಗುಲಾಬಿಯಾಯಿತು, ಮತ್ತೆ ಬಿಳಿಚಿಕೊಂಡಿತು. ಒಳಗೆ ಹೆಪ್ಪು. ಬಿಚ್ಚಿದೆ, ತೊಳೆದೆ, ಇನ್ನಷ್ಟು ಕತ್ತರಿಸಿದೆ, ಮತ್ತೆ ಹೊಲಿದೆ. ಮತ್ತೆ ಅದೇ ಕಥೆ. ಈಗ ನಾಳದ ಎರಡು ತುದಿಗಳು ಒಂದಕ್ಕೊಂದು ಎಟುಕುತ್ತಿರಲಿಲ್ಲ. ನಡುವೆ ಸೇರಿಸಲು ಮುಂಗೈಯಿಂದ ಒಂದು ತುಂಡು ರಕ್ತನಾಳ ತೆಗೆಯಬೇಕು. ಅಲ್ಲಿ ಮರಗಟ್ಟಿಲ್ಲ, ಮತ್ತೆ ಮದ್ದು ಬೇಕು. ಮದ್ದಿನ ಲೆಕ್ಕ ನನ್ನ ತಲೆಯಲ್ಲಿ ಮುಗಿದುಹೋಗಿತ್ತು. ನನ್ನ ಕುತ್ತಿಗೆ ಮರದಂತಾಗಿತ್ತು, ಕಣ್ಣು ಉರಿಯುತ್ತಿತ್ತು. ಒಂದು ಬೆರಳಂತೂ ಬದುಕಿದೆ, ಅದೇ ದೊಡ್ಡದು.

"ಸಿಸ್ಟರ್, ಮಿಡಲ್ ಆಗಲ್ಲ. ಕ್ಲೋಸ್ ಮಾಡೋಣ."

ಮರೆಗೆ ಕಟ್ಟಿದ್ದ ಹಸಿರು ಬಟ್ಟೆಯ ಆಚೆಯಿಂದ ಧ್ವನಿ ಬಂತು. "ಏನ್ ಕ್ಲೋಸ್ ಮಾಡ್ತೀರಿ?"

ಆತ ಅಲ್ಲಿರುವುದೇ ನನಗೆ ಮರೆತುಹೋಗಿತ್ತು. ರೋಗಿಗೆ ಎಚ್ಚರವಿಲ್ಲದಿದ್ದರೆ ಈ ಸುದ್ದಿಯನ್ನು ನಾವು ಮಾರನೆಯ ದಿನ, ಮುಖ ತೊಳೆದು, ಕಾಫಿ ಕುಡಿದು ಹೇಳುತ್ತೇವೆ. ಪದಗಳನ್ನು ಜೋಡಿಸಿಕೊಳ್ಳಲು ಸಮಯವಿರುತ್ತದೆ. ಇಲ್ಲಿ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಹೇಳಬೇಕಾಯಿತು.

"ಒಂದು ಬೆರಳು ಚೆನ್ನಾಗಿ ಕೂಡಿದೆ. ಇನ್ನೊಂದಕ್ಕೆ ರಕ್ತ ಹೋಗ್ತಾ ಇಲ್ಲ. ಎರಡು ಸಲ ನೋಡಿದೆ."

"ಮೂರನೇ ಸಲ ನೋಡ್ರಿ."

"ಹಾಗಲ್ಲ. ಮುಂಗೈ ಕುಯ್ದು ನಾಳ ತೆಗೀಬೇಕು. ಇನ್ನು ಮದ್ದು ಜಾಸ್ತಿ ಕೊಡೋ ಹಾಗಿಲ್ಲ."

"ಮದ್ದಿಲ್ದ ಕೊಯ್ರಿ."

"ತಮಾಷೆನಾ ಇದು?"

"ತಮಾಷಿ ಯಾರ್ ಮಾಡಾಕತ್ತಾರ?" ಧ್ವನಿ ಏರಿತು, ಆದರೆ ಕೈ, ಆ ಹಾಳು ಕೈ, ಒಂದಿಷ್ಟೂ ಅಲ್ಲಾಡಲಿಲ್ಲ. "ಬಾಯಿ ಮುಚ್ಚು ಅಂದ್ರಿ, ಮುಚ್ಚಿದೆ. ಕೈ ಅಳ್ಳಾಡಸಬ್ಯಾಡ ಅಂದ್ರಿ, ಹೆಣದಂಗ ಬಿದ್ದೀನಿ. ಬೆನ್ನ ಹರ್ಯಾಕತ್ತೈತಿ, ಒಂದ್ ಮಾತ್ ಅಂದೀನೇನು? ನಂದೆಲ್ಲಾ ನಾ ಮಾಡೀನಿ. ಈಗ ನೀವು ದಣದ್ರಿ, ಅದಕ ಆಗಂಗಿಲ್ಲ ಅಂತೀರಿ. ಖರೇ ಹೇಳ್ರಿ, ಆಗಂಗಿಲ್ಲೋ, ಸಾಕಾಗೈತೋ?"

ಇಷ್ಟು ವರ್ಷದಲ್ಲಿ ನನ್ನ ಮೇಜಿನ ಮೇಲೆ ಮಲಗಿದವರು ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಅಷ್ಟರಲ್ಲಿ ಅರಿವಳಿಕೆ ತಜ್ಞರು ತಮ್ಮ ಹಾಳೆ ನೋಡುತ್ತಾ ಗೊಣಗಿದರು. "ಮೊದಲು ಕೊಟ್ಟಿದ್ದು ಇಷ್ಟೊತ್ತಿಗೆ ಇಳಿದಿರುತ್ತೆ ಮೇಡಂ. ಮುಂಗೈಗೆ ಬೇಕಾಗೋವಷ್ಟು ಕೊಡಬಹುದು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಆ ಮನುಷ್ಯನಿಂದ ಆ ಮಾತು ಕೇಳಬೇಕಾಗಿ ಬಂದದ್ದು ನನಗೆ ಇಡೀ ದಿನದ ಅತ್ಯಂತ ಕಹಿ ಗಳಿಗೆ.

ಮದ್ದು ಕೊಟ್ಟೆ. ಮುಂಗೈಯಿಂದ ಎರಡು ಅಕ್ಕಿಕಾಳಿನಷ್ಟು ಉದ್ದದ ನಾಳ ತೆಗೆದೆ. ಅದನ್ನು ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಕವಾಟಗಳು ರಕ್ತವನ್ನು ತಡೆಯುತ್ತವೆ. ತಿರುಗಿಸಿಟ್ಟೆ. ಅರಿಶಿನದ ಕಲೆಯೇ ಇಲ್ಲದ ಜಾಗದವರೆಗೂ ಹಳೆಯ ನಾಳವನ್ನು ಈ ಸಲ ಧೈರ್ಯವಾಗಿ ಕತ್ತರಿಸಿದೆ. ಎರಡೂ ಕಡೆ ಹೊಲಿದು ಕ್ಲಿಪ್ ತೆಗೆದೆ. ಬೆರಳು ಬೆಳ್ಳಗೇ ಇತ್ತು. ಬಿಸಿ ನೀರಿನ ಬಟ್ಟೆ ಇಟ್ಟು ಕಾದೆವು. ಆಮೇಲೆ ಬುಡದಲ್ಲಿ ಸ್ವಲ್ಪ ಬಣ್ಣ ಕಂಡಿತು. ಗೆಣ್ಣು ದಾಟಿತು. ತುದಿಗೆ ಸೂಜಿ ಚುಚ್ಚಿದೆ, ಕೆಂಪು ರಕ್ತ ಬಂತು. ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತೆ. ಬಣ್ಣ ಹೋಗಲಿಲ್ಲ. ಮುಂದಿನ ಹೊಲಿಗೆಗಳನ್ನು ಹಾಕಲು ಶುರುಮಾಡಿದೆ.

"ಬಂತಾ?" ಎಂದಿತು ಬಟ್ಟೆಯಾಚೆಯ ಧ್ವನಿ.

"ಬಂತು."

"ಹಂಗಾರ ನಾ ಮಾತಾಡ್ಲೇನು?"

"ಬೇಡ," ಅಂದೆ.

ಎರಡೂ ಬೆರಳು ಉಳಿದವು. ಬಿಡುಗಡೆಯ ದಿನ ಆಸ್ಪತ್ರೆಯ ಪ್ರಚಾರ ವಿಭಾಗದವರು ಕ್ಯಾಮೆರಾ ತಂದರು. ಹೆಬ್ಬಾಳದ ಫ್ಲೈಓವರ್ ಹತ್ತಿರದ ದೊಡ್ಡ ಬೋರ್ಡಿಗೆ ಫೋಟೋ ಬೇಕಂತೆ. ಇನ್ನೂ ತಂತಿ ಚುಚ್ಚಿಕೊಂಡಿರುವ ಎರಡು ಬೆರಳನ್ನು ಅಗಲಿಸಿ ಗೆಲುವಿನ ಗುರುತು ತೋರಿಸು ಎಂದು ಆತನಿಗೆ ಹೇಳಿಕೊಟ್ಟರು. ಜುಬ್ಬಾ ಕಳಚಿ ಬಿಳಿ ಕೋಟು ತೊಟ್ಟ ಅರಿವಳಿಕೆ ತಜ್ಞರು ಆಗಲೇ ಪಕ್ಕದಲ್ಲಿ ನಿಂತಿದ್ದರು. ಪ್ರಚಾರದವರಿಗೆ ನಾನು ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಮಾಲೀಕರು ಮತ್ತೆ ಮಿಠಾಯಿ ತಂದಿದ್ದರು. ನಾನು ಡಬ್ಬಿ ಮುಟ್ಟಲಿಲ್ಲ.

ಕೆಲವು ತಿಂಗಳ ನಂತರ ಆತ ತಪಾಸಣೆಗೆ ಬಂದ. ತೋರುಬೆರಳು ಚೆನ್ನಾಗಿ ಮಡಚುತ್ತಿತ್ತು. ನಡುಬೆರಳು ಅರ್ಧ ಬಾಗುತ್ತಿತ್ತು, ಚಳಿಗೆ ಮರಗಟ್ಟುತ್ತದೆ, ಬೇರೆಯವರ ಬೆರಳು ಇದ್ದಂತಿದೆ ಎಂದು ದೂರಿದ. ಆದರೆ ಸ್ಪ್ಯಾನರ್ ಹಿಡಿಯುತ್ತಿದ್ದ, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡು ಬಂದಿದ್ದ. ವ್ಯಾಯಾಮ ಸರಿಯಾಗಿ ಮಾಡುತ್ತಿಲ್ಲವೆಂದು ಬೈದು ಕಳಿಸಿದೆ. ಹೊರಗೆ ಬೆಂಚಿನ ಮೇಲೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಇನ್ನೊಬ್ಬರು ಕಾಯುತ್ತಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಮಾತು ಕೇಳಿಸಿತು.

"ಡಾಕ್ಟ್ರು ಹೆಂಗೆ ಸರ್?"

"ಕೈ ಭಾಳ ಚಲೋ ಐತ್ರಿ. ಬಾಯಿ ಕೆಟ್ಟ."

"ನಂಗೂ ಆಪರೇಷನ್ ಅಂದಿದಾರೆ. ಮಲಗ್ಸಿ ಮಾಡ್ತಾರಂತೆ."

"ಮಲಗಬ್ಯಾಡ್ರಿ. ಈ ನಡಬೆರಳ ನೋಡ್ರಿಲ್ಲೆ. ಇದನ್ನ ಅವರು ಬಿಟ್ಟಬಿಟ್ಟಿದ್ರು. ನಾ ಎದ್ದಿದ್ದೆ, ಜಗಳಾ ಮಾಡಿದೆ, ಹಚ್ಚಿದ್ರು. ಮಲಗಿದ್ರ ಒಂದ ಬೆರಳ ಕೊಟ್ಟು, ನಿನ್ನ ಪುಣ್ಯಾ ದೊಡ್ದು ಅಂತ ಹೇಳಿ ಮನಿಗೆ ಕಳಸ್ತಿದ್ರು. ನಾನೂ ಕೈ ಮುಗದು ಹೋಗ್ತಿದ್ದೆ."

ಎದ್ದು ಹೋಗಿ ಆತನಿಗೆ ನಾಲ್ಕು ಮಾತು ಅನ್ನೋಣವೆಂದುಕೊಂಡೆ. ಬಾಗಿಲವರೆಗೂ ಹೋಗಿ ವಾಪಸ್ ಬಂದು ಕೂತೆ. ಮುಂದಿನವರನ್ನು ಕಳಿಸಲು ಹೇಳಿದೆ. ಬ್ಯಾಂಡೇಜಿನವರು ಒಳಗೆ ಬಂದು ಕೂತರು. ನಾನು ಅವರ ಎಕ್ಸ್‌ರೇ ಎತ್ತಿಕೊಳ್ಳುವ ಮುಂಚೆಯೇ ಹೇಳಿದರು.

"ಮೇಡಂ, ನನ್ನ ಮಲಗ್ಸಬೇಡಿ. ನಾನು ಎದ್ದಿರ್ತೀನಿ."